ಪೀರಾಂಬಿ ಕಾಲು ಹಚ್ಚದ ದಿನ

ತಿಕೋಟಾದ ಆ ಓಣಿಯಲ್ಲಿ ಯಾರಿಗಾದರೂ ಬೆನ್ನಲ್ಲಿ ಚಳಕು ಹಿಡಿದರೆ ಅವರು ಮೊದಲು ಹೋಗುವುದು ಪೀರಾಂಬಿಯ ಮನೆಗೆ. ಅರವತ್ತು ದಾಟಿದ ಪೀರಾಂಬಿ ಹುಟ್ಟುವಾಗ ತಲೆಯ ಬದಲು ಕಾಲು ಮುಂದಾಗಿ ಬಂದವಳು. ಅಂಥವರು ಅಂಗಾಲು ತಾಗಿಸಿದರೆ ಚಳಕು ಬಿಡುತ್ತದೆ ಎಂಬುದು ಈ ಭಾಗದವರ ನಂಬಿಕೆ. ನೋವಿನವರು ಚಾಪೆಯ ಮೇಲೆ ಬೋರಲು ಮಲಗುತ್ತಾರೆ. ಪೀರಾಂಬಿ ಬಾಗಿಲ ಚೌಕಟ್ಟು ಹಿಡಿದು ನಿಂತು, ನೋವಿನ ಜಾಗಕ್ಕೆ ಮೂರು ಸಲ ಬಲಗಾಲು ಹಚ್ಚುತ್ತಾಳೆ. ಅದಕ್ಕೆ ಏನೂ ತೆಗೆದುಕೊಳ್ಳುವುದಿಲ್ಲ. ಎದ್ದವರು ಒಂದು ಲೋಟ ನೀರು ಕುಡಿದು ಹೋಗಬೇಕು, ಅಷ್ಟೇ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ, ಹತ್ತು ಗಂಟೆಯ ಹೊತ್ತಿಗೆ, ದುಂಡವ್ವ ಆ ಬಾಗಿಲಿಗೆ ಬಂದು ನಿಂತಳು.

ದುಂಡವ್ವನಿಗೆ ಐವತ್ತಮೂರು ವರ್ಷ. ಊರಾಚೆಯ ಮಣೂಕ ಶೆಡ್ಡಿನಲ್ಲಿ ಕೆಲಸ. ತೋಟದಿಂದ ಬಂದ ಹಸಿ ದ್ರಾಕ್ಷಿಯನ್ನು ಔಷಧಿ ನೀರಿನಲ್ಲಿ ಅದ್ದಿ ಬಲೆಯ ಅಂತಸ್ತುಗಳ ಮೇಲೆ ಹರಡುವುದು. ಹದಿನೈದು ದಿನದಲ್ಲಿ ಅದು ಒಣಗಿ ಮಣೂಕ, ಅಂದರೆ ಒಣದ್ರಾಕ್ಷಿ, ಆಗುತ್ತದೆ. ಅವಳು ತಲೆಗೆ ಸುತ್ತಿದ ಟವೆಲ್ಲನ್ನೂ ಬಿಚ್ಚಿರಲಿಲ್ಲ. ಕೈ ಇನ್ನೂ ಅಂಟಂಟಾಗಿತ್ತು.

"ಅಕ್ಕಾ, ಲಗೂನ ಕಾಲ ಹಚ್ಚಿಬಿಡ. ಅರ್ಧಾ ಟ್ರ್ಯಾಕ್ಟರ್ ಮಾಲ ಇನ್ನೂ ಅದ್ದೂದೈತಿ. ಮುಕಾದಮ ಹತ್ತ ಮಿನಿಟ್ ಅಂತ ಹೇಳಿ ಬಿಟ್ಟಾನ."

"ಎಲ್ಲಿ ಹಿಡದೈತಿ?"

"ಬೆನ್ನಾಗ, ಎರಡೂ ಹೆಗಲಿನ ನಡುವ. ಅಲ್ಲಿಂದ ದವಡಿ ತನಕಾ ಎಳದಾಂಗ ಆಗತೈತಿ. ಹಲ್ಲ ಹುಳಾ ತಿಂದೈತೇನೋ ಅನಕೊಂಡೆ."

ದುಂಡವ್ವ ಚಾಪೆಯ ಮೇಲೆ ಬೋರಲು ಮಲಗಿದಳು. ಪೀರಾಂಬಿ ಚೌಕಟ್ಟು ಹಿಡಿದು ಕಾಲೆತ್ತಿದಳು. ಆಗ ಅವಳ ಕಣ್ಣಿಗೆ ಬಿದ್ದದ್ದು ಕುಪ್ಪಸ. ಬೆನ್ನಿನುದ್ದಕ್ಕೂ ಹಿಂಡಿದರೆ ನೀರು ಬರುವಷ್ಟು ತೊಯ್ದಿತ್ತು. ಮೇಲೆ ಫ್ಯಾನ್ ತಿರುಗುತ್ತಿತ್ತು. ಅವಳು ಕೆಲಸ ಮಾಡುವ ಶೆಡ್ಡಿನಲ್ಲೂ ನೆರಳೇ. ಕತ್ತಿನ ಹಿಂದೆ ಕೈಯಿಟ್ಟು ನೋಡಿದಳು. ಬೆವರು ತಣ್ಣಗಿತ್ತು.

ಪೀರಾಂಬಿ ಎತ್ತಿದ ಕಾಲನ್ನು ನೆಲಕ್ಕೆ ಇಳಿಸಿದಳು.

"ಏಳ ಬೇ."

"ಇನ್ನೂ ಹಚ್ಚೇ ಇಲ್ಲ."

"ಏಳು. ಗ್ವಾಡಿಗೆ ಆತಕೊಂಡ ಕುಂಡ್ರು. ಮೈ ಹೊಳ್ಳಿಸಿದ್ರ ನೋವ ಹೆಚ್ಚಾಗತೈತೇನು?"

"ಇಲ್ಲ."

"ಒತ್ತಿದ್ರ?"

"ಒತ್ತಿದ್ರೂ ಅಷ್ಟ, ಬಿಟ್ರೂ ಅಷ್ಟ. ನಡದ್ರ ಹೆಚ್ಚು. ಕ್ರೇಟ್ ಎತ್ತಿದ್ರ ಉಸರ ಸಾಲೂದಿಲ್ಲ. ನಿನ್ನಿ ಕುಂತ್ರ ಕಡಿಮಿ ಆಗತಿತ್ತು. ಇವತ್ತ ಕುಂತ್ರೂ ಇಲ್ಲ."

"ವಾಂತಿ?"

"ಬಂದಾಂಗ ಆಗತೈತಿ, ಬರೂದಿಲ್ಲ. ಗ್ಯಾಸ್ ಅಕ್ಕಾ ಅದು. ನಿನ್ನಿ ಸಂಜಿಕ ಡಾಕ್ಟರ್ ಕಡೆ ಹೋಗಿದ್ದೆ. ಗ್ಯಾಸಿನ ಗುಳಗಿ ಕೊಟ್ರು, ಬೆನ್ನಿಗೆ ಮುಲಾಮ ಕೊಟ್ರು."

"ನಾ ಕಾಲ ಹಚ್ಚೂದಿಲ್ಲ."

ದುಂಡವ್ವ ಅವಳ ಮುಖ ನೋಡಿದಳು. "ಯಾಕ, ನಿನ್ನ ಕಾಲಿಗೂ ಇವತ್ತ ಸೂಟಿ ಐತೇನು?"

ಪೀರಾಂಬಿ ನಗಲಿಲ್ಲ. ಎದುರಿಗೆ ಕುಳಿತುಕೊಂಡಳು.

"ನನ್ನ ತಂಗಿ ಅಬೇದಾನ್ನ ನೀ ನೋಡಿದ್ದೀಯಲ್ಲ, ಬಬಲೇಶ್ವರಕ್ಕ ಕೊಟ್ಟಿದ್ವಿ."

"ಹಾರ್ಟ್ ಆಗಿ ಹೋದಳಲ್ಲ, ಪಾಪ."

"ಹ್ಯಾಂಗ ಹೋದ್ಲು ಅಂತ ನಾ ಯಾರಿಗೂ ಹೇಳಿಲ್ಲ. ಮೂರ ವರ್ಷದ ಹಿಂದ ಇದ ಚಾಪಿ ಮ್ಯಾಲ ಮಲಗಿದ್ಲು. ಇದ ಜಾಗಾ ತೋರಿಸಿದ್ಲು. ಹಿಂಗ ಬೆವತಿದ್ಲು. ನಾ ಮೂರ ಸರತಿ ಕಾಲ ಹಚ್ಚಿದೆ. ಹಗರ ಆತು ಅಂದ್ಲು. ನೀರ ಕುಡದ್ಲು, ಬಸ್ ಹತ್ತಿದ್ಲು. ಬಬಲೇಶ್ವರದಾಗ ಇಳದಾಕಿ ಮನಿ ಮುಟ್ಟಲಿಲ್ಲ."

ಒಳಗೊಳಗೇ ಬಹಳ ಸಲ ಹೇಳಿಕೊಂಡ ಮಾತಿಗೆ ಒಂದು ದನಿ ಇರುತ್ತದೆ. ಏರಿಲ್ಲ, ಇಳಿವಿಲ್ಲ. ಪೀರಾಂಬಿ ಆ ದನಿಯಲ್ಲಿ ಹೇಳಿದಳು.

"ನಿನ್ನ ಕಾಲಿನಿಂದ ಹೋಗಲಿಲ್ಲ ಬೇ ಆಕಿ," ಎಂದಳು ದುಂಡವ್ವ.

"ಕಾಲಿನಿಂದ ಹೋಗಲಿಲ್ಲ. ಈ ಕಾಲ ಐತಿ ಅಂತ ದವಾಖಾನಿಗೆ ಹೋಗಲಿಲ್ಲ. ಅದಕ್ಕ ಕೇಳು. ನನ್ನ ಕಾಲ ಎಲ್ಲಿಗೂ ಓಡಿ ಹೋಗೂದಿಲ್ಲ. ಮೊದಲ ಇಸಿಜಿ ತಗಸು. ಏನೂ ಇಲ್ಲಂದ್ರ ನಾಳಿ ಬಾ, ಮೂರ ಅಲ್ಲ, ಮೂವತ್ತ ಸರತಿ ಹಚ್ಚತೇನಿ."

ಅವಳು ಎರಡು ಫೋನ್ ಮಾಡಿದಳು. ಒಂದು, ಓಣಿಯ ಆಶಾ ಕಾರ್ಯಕರ್ತೆ ರೇಣುಕಾಳಿಗೆ. ಇನ್ನೊಂದು, ದುಂಡವ್ವನ ಗಂಡ ಗುರಣ್ಣನಿಗೆ.

ಗುರಣ್ಣ ಮೊದಲು ಬಂದ. ಹೃದಯದ ವಿಷಯದಲ್ಲಿ ಊರಿನಲ್ಲಿ ಅವನದೇ ಕೊನೆಯ ಮಾತು. ಎರಡು ವರ್ಷದ ಹಿಂದೆ ಚಹಾದಂಗಡಿಯಲ್ಲಿ ಅವನಿಗೆ ಎದೆನೋವು ಬಂದಾಗ ಎಂಟು ಜನ ಎತ್ತಿ ಹತ್ತಿರದ ಡಾಕ್ಟರರ ಬಳಿ ಒಯ್ದಿದ್ದರು. ಅಲ್ಲಿಂದ ಒಂದು ಕಾರು, ಹಾರ್ನಿನ ಮೇಲಿನ ಕೈ ತೆಗೆಯದೆ, ವಿಜಯಪುರ ಮುಟ್ಟಿಸಿತ್ತು. ಎದೆಯ ಮೇಲೆ ಬೀಸುವ ಕಲ್ಲು ಇಟ್ಟ ಹಾಗಿತ್ತು ಎಂದು ಅವನು ಮೊದಮೊದಲು ಹೇಳುತ್ತಿದ್ದ. ಹೇಳುತ್ತ ಹೇಳುತ್ತ ಆ ಕಲ್ಲು ಒರಳಾಗಿ, ಈಚೆಗೆ ಗಾಣದ ಕಲ್ಲಾಗಿತ್ತು.

"ಏನ್ ಗದ್ದಲ ಇದು? ಹಾರ್ಟ್ ಅಂತ ಯಾರ ಹೇಳಿದ್ರು?"

"ನಾ ಹೇಳಿದೆ," ಎಂದಳು ಪೀರಾಂಬಿ.

"ಹಾರ್ಟಿನ ಬ್ಯಾನಿ ಉಂಡಾವ ನಾ ಅದೇನಿ ಅಕ್ಕಾ, ನನಗ ಹೇಳಾಕತ್ತೀಯಲ್ಲ. ಎದಿ ಹಿಡಕೊಂಡ ಬೀಳ್ತಾರ ಅದಕ್ಕ. ಇಕಿ ಎದಿ ಮುಟ್ಟಿಲ್ಲ. ಏ, ಎದಿ ನೋಯಾಕತ್ತೈತೇನು?"

"ನೋವಲ್ಲರಿ. ತಟಗ ಬಿಗದಾಂಗ ಆಗೈತಿ," ಎಂದಳು ದುಂಡವ್ವ. "ನೀವ ಹೆದರಬ್ಯಾಡ್ರಿ. ನಿಮಗ ಹೆದರಿಕಿ ಚಲೋ ಅಲ್ಲ."

"ನೋಡು. ಗ್ಯಾಸ್. ಬಾ, ಗಾಡಿ ಮ್ಯಾಲ ಕುಂಡ್ರು, ಸೋಡಾ ಕುಡಸಿ ಮನಿಗೆ ಬಿಡ್ತೇನಿ."

"ಬೈಕ್ ಮ್ಯಾಲ ಹತ್ತಿಸಬ್ಯಾಡ್ರಿ ಕಾಕಾ," ಎಂದು ರೇಣುಕಾ ಒಳಗೆ ಬಂದಳು. ಅವಳ ಕಿವಿಯಲ್ಲಿ ಇನ್ನೂ ಫೋನಿತ್ತು. "ಒನ್ ಝೀರೋ ಏಟ್‌ಗೆ ಹೇಳೇನಿ. ಹೊಂಟೈತಿ."

"ನೀನೂ ಶುರು ಮಾಡಿದೇನವ್ವಾ?"

ರೇಣುಕಾ ದುಂಡವ್ವನ ನಾಡಿ ಹಿಡಿದು ಕುಳಿತಳು. ಗುರಣ್ಣನ ಕಡೆ ನೋಡದೆ ಕೇಳಿದಳು. "ನಿಮಗ ಬ್ಯಾನಿ ಆದಾಗ ಗಾಡಿ ಬರಾಕ ಎಷ್ಟೊತ್ತಾತು ಕಾಕಾ?"

"ಹತ್ತ ಮಿನಿಟ್. ಎಲ್ಲಾರೂ ಓಡಿ ಬಂದ್ರು."

"ಕಾಕಿಗೆ ಯಾವಾಗಿಂದ ಐತಿ?"

ಗುರಣ್ಣ ಹೆಂಡತಿಯ ಕಡೆ ತಿರುಗಿದ. ಅವನಿಗೆ ಗೊತ್ತಿರಲಿಲ್ಲ.

"ನಿನ್ನಿ ಮಧ್ಯಾಹ್ನದಿಂದ ಬಂದು ಹೋಗಿ ಮಾಡಾಕತ್ತಿತ್ತು," ಎಂದಳು ದುಂಡವ್ವ, ಏನೋ ಕದ್ದು ಸಿಕ್ಕಿಬಿದ್ದವಳಂತೆ. "ಇವತ್ತ ಎಂಟರಿಂದ ಬಿಟ್ಟಿಲ್ಲ."

"ಎಂಟಕ್ಕ ನನಗ ರೊಟ್ಟಿ ಬಡದ ಕೊಟ್ಟಿ."

"ಹೌದ್ರಿ."

"ಏನೂ ಅನಲಿಲ್ಲ."

"ಏನಂತ ಅನ್ನಲಿ? ನಿಮ್ಮ ಗುಳಗಿ ಹೊತ್ತಾಗಿತ್ತು."

ರೇಣುಕಾ ಗುರಣ್ಣನ ಕಡೆ ತಿರುಗಿ ಹೇಳಿದಳು. "ಹೆಣ್ಮಕ್ಕಳಿಗೂ ಎದಿ ನೋವ ಬರತೈತಿ ಕಾಕಾ. ಆದ್ರ ಬಹಳ ಮಂದಿಗೆ ಅದರ ಜೋಡಿ ಬ್ಯಾರೇನೂ ಬರತೈತಿ, ಒಮ್ಮೊಮ್ಮೆ ಎದಿ ನೋವ ಇಲ್ಲದ ಬರತೈತಿ. ಉಸರ ಸಾಲೂದಿಲ್ಲ. ಬೆನ್ನು, ದವಡಿ, ತೋಳ ನೋಯ್ತಾವ. ವಾಂತಿ ಬಂದಾಂಗ, ತಣ್ಣನ ಬೆವರು. ಯಾವತ್ತೂ ಇಲ್ಲದ ದಣಿವು. ನಾವು ಅದನ್ನ ಕೆಲಸದ ದಣಿವು ಅಂತೀವಿ, ಪಿತ್ತ ಅಂತೀವಿ, ಗ್ಯಾಸ್ ಅಂತೀವಿ. ಕಾಕಿ, ನಿನ್ನಿ ಡಾಕ್ಟರ್ ಇಸಿಜಿ ತಗದ್ರೇನು?"

"ಇಲ್ಲ. ಮನ್ಯಾಗ ಟೆನ್ಷನ್ ಐತೇನು ಅಂತ ಕೇಳಿದ್ರು. ಐತ್ರಿ ಅಂದೆ. ಯಾರ ಮನ್ಯಾಗಿಲ್ಲ."

"ಯಾವ ಡಾಕ್ಟರ್?" ಎಂದ ಗುರಣ್ಣ.

"ಅಂದ ನಿಮ್ಮನ್ನ ಯಾರ ಕಡೆ ಒಯ್ದಿದ್ರೋ, ಅವರ."

ಗುರಣ್ಣ ಬಾಗಿಲಲ್ಲಿ ನಿಂತಿದ್ದವನು ಒಳಗೆ ಬಂದು ನೆಲದ ಮೇಲೆ ಕುಳಿತ.

"ನಾ ‘ಎದಿ’ ಅಂತ ಅಂದಿದ್ದೆ, ಅಷ್ಟ. ಮಾತ ಮುಗಸಾಕ ಬಿಡಲಿಲ್ಲ ಅವರು. ಮಲಗಿಸಿ ವಾಯರ್ ಹಚ್ಚಿದ್ರು." ಅವನು ಹೆಂಡತಿಯ ಅಂಟಂಟು ಕೈಯನ್ನು ನೋಡುತ್ತಿದ್ದ. "ನಿನಗ ಮುಲಾಮ ಕೊಟ್ರು."

"ಬೆನ್ನ ಅಂತ ನಾ ಹೇಳಿದ್ದೆ."

"ಗಾಡಿ ಎಲ್ಲಿ ಮಟಾ ಬಂತು ಕೇಳ ರೇಣುಕಾ." ಅವನ ದನಿ ಬೇರೆಯಾಗಿತ್ತು.

ಆದರೆ ದುಂಡವ್ವ ಎದ್ದು ನಿಲ್ಲಲು ನೋಡಿದಳು. ಶೆಡ್ಡಿಗೆ ಹೇಳಿ ಬರುತ್ತೇನೆ ಅಂದಳು. ದವಾಖಾನೆ ಇಲ್ಲೇ ಇದೆ, ನಡೆದೇ ಹೋಗುತ್ತೇನೆ ಅಂದಳು. ಕೊನೆಗೆ ರೇಣುಕಾಳ ಕಿವಿಯಲ್ಲಿ ನಿಜ ಹೇಳಿದಳು.

"ಇವರಿಗೆ ಇಸಿಜಿ ತಗದಾಗ ನಾ ಪರದಾ ಸಂದಿನಿಂದ ನೋಡೇನವ್ವಾ. ಅಂಗಿ ಬಿಚ್ಚಿಸಿ ಎದಿಗೆಲ್ಲಾ ಹಚ್ಚತಾರ. ಗಂಡಸರ ಮುಂದ ಕುಪ್ಪಸ ಬಿಚ್ಚೂದ ನನಗಾಗೂದಿಲ್ಲ."

"ಸಿಸ್ಟರ್ ಹಚ್ಚತಾರ. ಪರದಾ ಎಳೀತಾರ. ಮ್ಯಾಲ ಬಟ್ಟಿ ಹೊಚ್ಚತಾರ. ಎಲ್ಲಾ ಸೇರಿ ಐದ ಮಿನಿಟ್. ಹೆಣ್ಮಗಳ ಬೇಕು ಅಂತ ಕೇಳೂದು ನಿಮ್ಮ ಹಕ್ಕು. ನೀವ ಕೇಳಾಕ ನಾಚಿದ್ರ ನಾ ಕೇಳತೇನಿ."

"ಇವರ ಮಧ್ಯಾಹ್ನದ ಗುಳಗಿ..."

"ಕಾಕಾ ಸಣ್ಣ ಕೂಸೇನು?"

ಅಂಬುಲೆನ್ಸ್ ಬಂತು. ದುಂಡವ್ವನನ್ನು ಒಂದು ಹೆಜ್ಜೆಯನ್ನೂ ನಡೆಸದೆ ಸ್ಟ್ರೆಚರಿನಲ್ಲಿ ಮಲಗಿಸಿದರು. ಗುರಣ್ಣ ಮನೆಗೆ ಓಡಿ ನೀಲಿ ಕೈಚೀಲ ತಂದು ಹತ್ತಿದ, ಜೊತೆಗೆ ರೇಣುಕಾಳೂ ಹತ್ತಿದಳು. ದವಾಖಾನೆಗೆ ಹೊರಟಾಗಲೆಲ್ಲ ಆ ಚೀಲ ದುಂಡವ್ವನ ಹೆಗಲಲ್ಲಿ ಇರುತ್ತಿತ್ತು.

ಒಳಗಿದ್ದ ನರ್ಸ್ ಬಿಪಿ ಪಟ್ಟಿ ಸುತ್ತುತ್ತ ಕೇಳಿದರು. "ಇವರಿಗೆ ಶುಗರ್ ಐತೇನ್ರಿ? ಬಿಪಿ? ಯಾವುದರ ಗುಳಗಿ ನಡದಾವೇನು?"

ಗುರಣ್ಣ ಚೀಲದಲ್ಲಿ ಕೈ ಹಾಕಿದ. ಒಂದೊಂದೇ ಕಾಗದ ತೆಗೆದ. ಎರಡು ವರ್ಷದ ಚೀಟಿ, ರಿಪೋರ್ಟು, ಫಿಲ್ಮು. ಎಲ್ಲದರ ಮೇಲೂ ಅವನ ಹೆಸರು.

"ಇಕಿದು ಒಂದೂ ಇಲ್ಲರಿ," ಎಂದ.

"ನೋಡಿಸೇ ಇಲ್ಲರಿ," ಎಂದಳು ದುಂಡವ್ವ ಮಲಗಿದಲ್ಲಿಂದಲೇ. "ಸಣ್ಣ ಮಗನ ಬಸರಿದ್ದಾಗ ಬಿಪಿ ಹೆಚ್ಚಾಗಿತ್ತು, ಕಾಲ ಬಾತಿದ್ವು. ಆಮ್ಯಾಲ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹಲ್ಲಿಗೆ ತಂಬಾಕದ ಪುಡಿ ಹಚ್ಚತೇನ್ರಿ. ಅದನ್ನೂ ಬರಕೋರಿ."

ಬಿಪಿ ನೂರಾ ಎಪ್ಪತ್ತು ದಾಟಿತ್ತು.

ತಿಕೋಟಾದ ಸರ್ಕಾರಿ ದವಾಖಾನೆಯಲ್ಲಿ ಪರದೆ ಎಳೆದು ಸಿಸ್ಟರ್ ವೈರು ಹಚ್ಚಿದರು. ರೇಣುಕಾ ಪರದೆಯ ಅಂಚು ಹಿಡಿದು ಹೊರಗೆ ಬೆನ್ನು ಮಾಡಿ ನಿಂತಳು. ಐದು ನಿಮಿಷವೂ ಆಗಲಿಲ್ಲ. ಕಾಗದ ಹೊರಬಂತು. ಡಾಕ್ಟರ್ ಅದನ್ನು ನಿಂತಲ್ಲೇ ನೋಡಿ, ದುಂಡವ್ವನಿಗೆ ಗುಳಿಗೆ ಜಗಿಯಲು ಕೊಟ್ಟು, ವಿಜಯಪುರಕ್ಕೆ ಫೋನ್ ಹಚ್ಚಿದರು. ಅದು ಗ್ಯಾಸ್ ಆಗಿರಲಿಲ್ಲ. ಹೃದಯಾಘಾತ. ಅದು ಶುರುವಾಗಿ ಎರಡೂವರೆ ಗಂಟೆ ಆಗಿತ್ತು, ಇನ್ನೂ ನಡೆಯುತ್ತಿತ್ತು.

ವಿಜಯಪುರದ ಆಸ್ಪತ್ರೆಯ ಬಾಗಿಲಲ್ಲಿ ಹೃದಯ ತಜ್ಞೆ ಸಂಪದಾ ಕಾಯುತ್ತಿದ್ದರು. ಗುರಣ್ಣನನ್ನು ಮೂರು ತಿಂಗಳಿಗೊಮ್ಮೆ ನೋಡುವವರು ಅವರೇ. ಇಸಿಜಿ ನೋಡಿದರು, ದುಂಡವ್ವನ ಮುಖ ನೋಡಿದರು.

"ದುಂಡವ್ವ, ನಿಮ್ಮ ಹೃದಯದ ಒಂದು ದೊಡ್ಡ ರಕ್ತನಾಳ ಮುಚ್ಚೇತಿ. ಈಗಿಂದೀಗ ಅದನ್ನ ತೆರೀಬೇಕು. ಕೈಯೊಳಗಿಂದ ಸಣ್ಣ ನಳಿಗಿ ಹಾಕಿ ತೆರೀತೇವಿ. ತಡ ಮಾಡಿದಷ್ಟೂ ಹೃದಯ ಸಾಯ್ತದ."

"ಗುಳಗಿ ಕೊಡ್ರಿ ಬಾಯಾರ. ದ್ರಾಕ್ಷಿ ಸೀಜನ್ ಮುಗದ ಕೂಡ್ಲೇ ಬರತೇನಿ. ಇನ್ನ ಇಪ್ಪತ್ತ ದಿನ."

"ನಿಮ್ಮ ಮನಿಯವರಿಗೆ ಆದಾಗ ಸೀಜನ್ ಮುಗೀಲಿ ಅಂದಿದ್ರೇನು?"

"ಅವರದು ಹಾರ್ಟ್ ಇತ್ತಲ್ಲರಿ."

"ನಿಮ್ಮದೇನು?"

ಐವತ್ತಮೂರು ವರ್ಷದಲ್ಲಿ ಆ ಪ್ರಶ್ನೆಯನ್ನು ದುಂಡವ್ವನಿಗೆ ಯಾರೂ ಕೇಳಿರಲಿಲ್ಲ. ಅವಳ ಕೈ ತಾನಾಗಿ ಎದೆಯ ಮೇಲೆ ಬಂತು. ಆ ದಿನ ಅವಳು ಎದೆ ಮುಟ್ಟಿಕೊಂಡದ್ದು ಅದೇ ಮೊದಲು.

"ಸಹಿ ಎಲ್ಲಿ ಮಾಡ್ಲಿರಿ?" ಎಂದ ಗುರಣ್ಣ.

"ಮೊದಲ ಆಕಿನ್ನ ಕೇಳೂಣು," ಎಂದರು ಡಾಕ್ಟರ್. "ಹೃದಯ ಆಕಿದು."

ದುಂಡವ್ವ ಗಂಡನನ್ನು ನೋಡಿದಳು, ಬಾಗಿಲಲ್ಲಿ ನಿಂತ ರೇಣುಕಾಳನ್ನು ನೋಡಿದಳು. ಆಮೇಲೆ, "ಮಾಡ್ರಿ. ಲಗೂ ಮಾಡ್ರಿ," ಎಂದು ತಾನೇ ಪೆನ್ನಿಗೆ ಕೈ ಚಾಚಿದಳು.

ಒಂದೂವರೆ ಗಂಟೆಯ ನಂತರ ಡಾಕ್ಟರ್ ಸಂಪದಾ ಹೊರಗೆ ಬಂದು ಬೆಂಚಿನ ಮೇಲೆ ಗುರಣ್ಣನ ಪಕ್ಕದಲ್ಲಿ ಕುಳಿತರು. ನಾಳ ತೆರೆದಿತ್ತು. ಹೃದಯಕ್ಕೆ ಸ್ವಲ್ಪ ಪೆಟ್ಟಾಗಿತ್ತು, ಬಹಳ ಅಲ್ಲ. ಇನ್ನೊಂದು ರಾತ್ರಿ ಮನೆಯಲ್ಲಿ ಕಳೆದಿದ್ದರೆ ಈ ಮಾತು ಹೇಳಲು ಆಗುತ್ತಿರಲಿಲ್ಲ ಎಂದರು.

"ಒಂದು ಮಾತು ಗುರಣ್ಣ. ನಿಮ್ಮ ಜೊತಿ ಆಕಿ ಎರಡು ವರ್ಷ ಈ ಬೆಂಚಿನ ಮ್ಯಾಲ ಕುಂತಾಳ. ನಾ ಪ್ರತಿ ಸಲ ಕೇಳೇನಿ, ಮನಿಯವರು ಉಪ್ಪು ಬಿಟ್ಟಾರೇನು, ಗುಳಗಿ ತಗೋತಾರೇನು ಅಂತ. ಎಲ್ಲಾದಕ್ಕೂ ಆಕಿನೇ ಉತ್ತರ ಕೊಟ್ಟಾಳ. ಒಮ್ಮೆನೂ ಆಕಿ ತೋಳಿಗೆ ಬಿಪಿ ಪಟ್ಟಿ ಸುತ್ತಿಲ್ಲ ನಾವು. ಈ ತಪ್ಪಿನೊಳಗ ನಾನೂ ಇದ್ದೇನಿ."

"ನಾ ಆಕಿ ಬಾಜೂಕೇ ಕುಂತಿದ್ದೆರಿ," ಎಂದ ಗುರಣ್ಣ.

ಇದಾಗಿ ಎರಡು ತಿಂಗಳು. ಗುರಣ್ಣನ ಮನೆಯ ಟಿವಿಯ ಮೇಲೆ ಈಗ ಎರಡು ಗುಳಿಗೆ ಡಬ್ಬಿಗಳಿವೆ. ದುಂಡವ್ವನ ಡಬ್ಬಿ ತುಂಬುವುದು ಗುರಣ್ಣ. ಮೊದಲ ವಾರ ಬೆಳಗಿನದನ್ನು ಸಂಜೆಯ ಖಾನೆಗೆ ಹಾಕಿ ಬೈಸಿಕೊಂಡ, ಈಗ ತಪ್ಪುವುದಿಲ್ಲ. ರೊಟ್ಟಿ ಬಡಿಯಲು ಕಲಿಯುತ್ತಿದ್ದಾನೆ. ಅವು ಇನ್ನೂ ಯಾವ ಆಕಾರಕ್ಕೂ ಬಂದಿಲ್ಲ. ಚಹಾದಂಗಡಿಯಲ್ಲಿ ಈಗ ಗಾಣದ ಕಲ್ಲಿನ ಕಥೆ ಹೇಳುವುದಿಲ್ಲ. "ನನ್ನ ಬ್ಯಾನಿ ಎಲ್ಲಾರಿಗೂ ಕಂಡಿತ್ತು. ಆಕಿ ಬ್ಯಾನಿ ನನಗೂ ಕಾಣಲಿಲ್ಲ," ಎನ್ನುತ್ತಾನೆ. ಅಂದು ಅವನನ್ನು ಎತ್ತಿ ಒಯ್ದಿದ್ದ ಎಂಟು ಜನರಲ್ಲಿ ನಾಲ್ವರು ತಮ್ಮ ಹೆಂಡಂದಿರನ್ನು ಕರೆದೊಯ್ದು ಬಿಪಿ, ಶುಗರ್ ನೋಡಿಸಿ ಬಂದಿದ್ದಾರೆ. ಉಳಿದ ನಾಲ್ವರ ಮನೆಗೆ ರೇಣುಕಾ ಹೋಗುತ್ತಿದ್ದಾಳೆ. ತಂಬಾಕಿನ ಡಬ್ಬಿಯನ್ನು ದುಂಡವ್ವ ತಾನೇ ಗಟಾರಕ್ಕೆ ಎಸೆದಳು. ಮೂರನೆಯ ದಿನ ಇನ್ನೊಂದು ತರಿಸಿದಳು. ಅದನ್ನೂ ಎಸೆದಳು.

ಪೀರಾಂಬಿಯ ಬಾಗಿಲಿಗೆ ಜನ ಈಗಲೂ ಬರುತ್ತಾರೆ. ಕಳೆದ ವಾರ ಜೈನಾಪುರದಿಂದ ಒಬ್ಬ ಹೆಂಗಸು ಬಂದಿದ್ದಳು. ಬೆನ್ನು ನೋವು, ದಮ್ಮು, ಎರಡು ದಿನದ ದಣಿವು. ಚಾಪೆ ಹಾಸಿರಲಿಲ್ಲ. ಅದು ಸುರುಳಿ ಸುತ್ತಿ ಮೂಲೆಯಲ್ಲಿ ನಿಂತಿತ್ತು.

"ಬರೇ ಒಂದ ಸರತಿ ಹಚ್ಚಬೇ ಯವ್ವಾ," ಎಂದಳು ಆಕೆ. "ಅಷ್ಟ ದೂರದಿಂದ ಬಂದೇನಿ."

"ಬಂದೀಯಲ್ಲ, ಇನ್ನೊಂದ ಫರ್ಲಾಂಗ ಹೋಗೂಣು," ಎಂದಳು ಪೀರಾಂಬಿ, ಚಪ್ಪಲಿ ಮೆಟ್ಟುತ್ತ. "ಈ ಕಾಲ ಈಗ ದವಾಖಾನಿ ದಾರಿ ತೋರಸ್ತೈತಿ. ನೀ ನಡೀಬ್ಯಾಡ. ಆಟೋ ಕರೀತೇನಿ."

ಇದನ್ನು ಓದುತ್ತಿರುವ, ಸಂಘದಲ್ಲಿ ಕುಳಿತು ಕೇಳುತ್ತಿರುವ ಅಕ್ಕತಂಗಿಯರೇ, ಹೃದಯದ ಕಾಯಿಲೆ ಗಂಡಸರದು ಎಂದು ನಮಗೆ ಯಾರು ಹೇಳಿದರೋ ಗೊತ್ತಿಲ್ಲ. ಅದು ಸುಳ್ಳು. ಎದೆ ಬಿಗಿದರೆ, ಉಸಿರು ಸಾಲದಿದ್ದರೆ, ಬೆನ್ನು, ದವಡೆ, ತೋಳು, ಹೊಟ್ಟೆಯ ಮೇಲ್ಭಾಗ ಕಾರಣವಿಲ್ಲದೆ ನೋಯುತ್ತಿದ್ದರೆ, ತಣ್ಣನೆಯ ಬೆವರು, ವಾಕರಿಕೆ, ಎಂದೂ ಇಲ್ಲದ ದಣಿವು ಬಂದರೆ, ಕೆಲಸ ಮುಗಿಯುವ ತನಕ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಡಾಕ್ಟರರ ಮುಂದೆ ಬಾಯಿಬಿಟ್ಟು ಹೇಳಿ: "ನನಗ ಇಸಿಜಿ ತಗೀರಿ." ಹೆಣ್ಣುಮಗಳೇ ತೆಗೆಯಲಿ ಎಂದು ಕೇಳಲು ನಾಚಬೇಡಿ. ನಿಮ್ಮೂರಿಗೆ ಹತ್ತಿರದಲ್ಲಿ ಇಸಿಜಿ ಎಲ್ಲಿದೆ ಎಂಬುದನ್ನು ಇಂದೇ ಆಶಾ ಕಾರ್ಯಕರ್ತೆಯಿಂದ ತಿಳಿದಿಟ್ಟುಕೊಳ್ಳಿ. ಬಸುರಿನಲ್ಲಿ ಬಿಪಿ ಅಥವಾ ಶುಗರ್ ಬಂದಿದ್ದವರು, ಮುಟ್ಟು ನಿಂತವರು, ತಂಬಾಕು ಹಚ್ಚುವವರು ನೋವು ಬರುವ ಮೊದಲೇ ಹೋಗಿ ನೋಡಿಸಿಕೊಳ್ಳಿ.

ಅಣ್ಣಂದಿರೇ, ಮನೆಯಲ್ಲಿ ಯಾರ ಹೆಸರಿನ ಚೀಟಿ ಎಷ್ಟಿವೆ, ಚೀಲ ತೆರೆದು ಒಮ್ಮೆ ನೋಡಿ.

ಅಕ್ಕಾ, ಮುಂದಿನ ಸಲ ಮನೆಯವರ ಬಿಪಿ ನೋಡಿಸಲು ಹೋದಾಗ ಚೀಲ ಹಿಡಿದು ಬೆಂಚಿನ ಮೇಲೆ ಕೂರಬೇಡಿ. ಚೀಲವನ್ನು ಅವರ ಕೈಗೆ ಕೊಡಿ. ನಿಮ್ಮ ತೋಳನ್ನು ಮುಂದೆ ಚಾಚಿ.